ಮಂದಾಕಿನಿ ಕೇಳಿದ ದನಿ

ಮಂದಾಕಿನಿ ಹೈದರಾಬಾದಿನ ಮಿಯಾಪುರದ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಮೇಲಿನ ಮನೆಯವಳು. ಮೊದಲ ಸಲ ನಮ್ಮಲ್ಲಿಗೆ ಬಂದಾಗ ಚಹಾದ ಕಪ್ಪನ್ನು ಕೈಗೆ ತೆಗೆದುಕೊಂಡು, ಅಂಚನ್ನು ಸುತ್ತಲೂ ಒಮ್ಮೆ ನೋಡಿ ಆಮೇಲೆ ಕುಡಿದಳು. ನನಗೆ ಒಳಗೊಳಗೇ ಸಿಟ್ಟು ಬಂದಿತ್ತು. ಆಕೆ ಎಲ್ಲ ಕಡೆಯೂ ಹಾಗೆಯೇ ಎಂಬುದು ಆಮೇಲೆ ತಿಳಿಯಿತು. ಹೋಟೆಲಿನಲ್ಲಿ ಚಮಚ ಮತ್ತೆ ತೊಳೆಸುವುದು, ಬಸ್ಸಿನ ಸೀಟಿನ ಮೇಲೆ ಪೇಪರು ಹಾಸುವುದು, ಇದೆಲ್ಲ ಅವಳಿಗೆ ಮಡಿಯಿಂದ ಬಂದದ್ದಲ್ಲ. ಗಲೀಜು ಕಂಡ ಕಡೆ ಅವಳಿಗೆ ನಿಜವಾಗಿಯೂ ಊಟ ಸೇರುತ್ತಿರಲಿಲ್ಲ.

ಅವರ ಮನೆತನ ರಾಯಚೂರಿನದು. ತಂದೆ ಬಾಲಾನಗರದಲ್ಲಿ ವಿಮಾನದ ಉಪಕರಣ ಮಾಡುವ ಸರಕಾರಿ ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದಲ್ಲಿದ್ದರು. ಒಂದು ಸ್ಕ್ರೂ ಸಡಿಲವಿದ್ದರೂ ಇಡೀ ಪೆಟ್ಟಿಗೆಯನ್ನೇ ಹಿಂದಕ್ಕೆ ಕಳಿಸುವ ಮನುಷ್ಯ ಎಂದು ಅವರಿಗೆ ಹೆಸರಿತ್ತು. ಅವರು ತೀರಿಕೊಂಡ ಮೇಲೆ ತಾಯಿ ಕೃಷ್ಣಾಬಾಯಿ ಮಗ ನಿಶಾಂತನ ಜೊತೆ ಬಾಲಾನಗರದ ಹಳೆಯ ಫ್ಲ್ಯಾಟಿನಲ್ಲಿಯೇ ಉಳಿದರು. ನಿಶಾಂತ ಮಂದಾಕಿನಿಗಿಂತ ತೀರ ಚಿಕ್ಕವನು. ಸಣ್ಣವನಿದ್ದಾಗ ಅಪ್ಪನ ಆಫೀಸಿನವರ ದನಿಯನ್ನೆಲ್ಲ ಅನುಕರಿಸಿ ಮನೆಯವರನ್ನು ನಗಿಸುತ್ತಿದ್ದ. ಓದು ಹತ್ತಲಿಲ್ಲ. ಎರಡು ಮೂರು ಕಡೆ ಕೆಲಸಕ್ಕೆ ಸೇರಿ ಬಿಟ್ಟ. ಕಡೆಗೆ ಯಾವುದೋ ಹೆಲ್ತ್‌ಕೇರ್ ಕಂಪನಿಯಲ್ಲಿ ಟೀಮ್ ಲೀಡರ್ ಆಗಿದ್ದಾನೆ ಎಂದು ಕೃಷ್ಣಾಬಾಯಿ ಎಲ್ಲರಿಗೂ ಹೇಳುತ್ತಿದ್ದರು. ಯಾವ ಕಂಪನಿ, ಏನು ಕೆಲಸ ಎಂದು ಯಾರೂ ಬಿಡಿಸಿ ಕೇಳಲಿಲ್ಲ.

ಮಂದಾಕಿನಿಯದು ಮಾದಾಪುರದಲ್ಲಿ ಸ್ಟೋರೇಜ್ ಕೆಲಸ. ಬೇರೆ ಬೇರೆ ಕಂಪನಿಗಳ ಡಿಸ್ಕುಗಳನ್ನು ನೋಡಿಕೊಳ್ಳುವ ಒಂದು ಸಣ್ಣ ಫರ್ಮಿನಲ್ಲಿದ್ದಳು. ಎಲ್ಲಿಯಾದರೂ ಮಾಹಿತಿ ಕೈತಪ್ಪಿ ಹೋದರೆ ತೆಗೆದುಕೊಡಲು ಇವಳನ್ನೇ ಕಳಿಸುತ್ತಿದ್ದರು. ಈಗ ಹೇಳಹೊರಟದ್ದು ಎರಡು ಸಾವಿರದ ಹದಿನೈದರ ಬೇಸಿಗೆಯ ಮಾತು. ಮಿಯಾಪುರದಲ್ಲಿ ಮೆಟ್ರೊ ಕಂಬಗಳು ಎದ್ದಿದ್ದವು, ರೈಲು ಇನ್ನೂ ಬಂದಿರಲಿಲ್ಲ. ಮಾದಾಪುರದ ದೊಡ್ಡ ರಸ್ತೆಯಲ್ಲಿ ವಾರಕ್ಕೊಂದು ಗಾಜಿನ ಕಟ್ಟಡ ಮೇಲೇಳುತ್ತಿದ್ದರೆ, ಅದರ ಹಿಂದಿನ ಗಲ್ಲಿಗಳಲ್ಲಿ ನಾಲ್ಕು ಕಂಪ್ಯೂಟರು ಇಟ್ಟುಕೊಂಡವರೆಲ್ಲ ತಾವೂ ಐಟಿಯವರೇ ಎನ್ನುತ್ತಿದ್ದರು. ಅಂಥ ಒಂದು ಗಲ್ಲಿಯ ಕಂಪನಿಯಿಂದ ಕರೆ ಬಂತು. ಫೋನಿನಲ್ಲಿ ಆರ್ಡರು ತೆಗೆದುಕೊಂಡು ಸಕ್ಕರೆ ಕಾಯಿಲೆಗೆ ಔಷಧಿ ಪುಡಿ ಮಾರುವ ಕಂಪನಿ. ಅವರ ಸರ್ವರಿನಲ್ಲಿದ್ದ ಕಾಲ್ ರೆಕಾರ್ಡಿಂಗುಗಳೆಲ್ಲ ಮಾಯವಾಗಿದ್ದವು.

ಸರ್ವರ್ ಕೋಣೆಯ ಬಾಗಿಲು ತೆಗೆದ ಕೂಡಲೇ ಮಂದಾಕಿನಿ ಮೂಗಿಗೆ ಓಢಣಿ ಹಿಡಿದಳು. ಗೋಡೆಯುದ್ದಕ್ಕೂ ಔಷಧಿ ಪುಡಿಯ ರಟ್ಟಿನ ಪೆಟ್ಟಿಗೆಗಳು ಮಾಡಿನವರೆಗೆ ಪೇರಿಸಿದ್ದವು. ಒಂದೆರಡು ಹರಿದು ಪುಡಿ ನೆಲಕ್ಕೆಲ್ಲ ಚೆಲ್ಲಿತ್ತು. ಮೆಂತ್ಯೆ, ಹಾಗಲ, ಹಳೆಯ ಎಣ್ಣೆ ಎಲ್ಲ ಕೂಡಿದಂಥ ವಾಸನೆ. ಮೂಲೆಯ ಬಕೆಟ್ಟಿನಲ್ಲಿ ಯಾರೋ ಗುಟ್ಕಾ ಉಗುಳಿದ್ದರು.

"ಏಸಿ ಹೈ ನಾ ಮೇಡಂ, ಇಧರ್ ಮಾಲ್ ಖರಾಬ್ ನೈ ಹೋತಾ" ಎಂದ ಮ್ಯಾನೇಜರ್. ಮಾಲು ಕೆಡದಿರಲೆಂದು ತಂಪು ಕೋಣೆಯಲ್ಲಿ ಇಟ್ಟಿದ್ದ. ಆ ಕೋಣೆ ಯಾತಕ್ಕಾಗಿ ತಂಪಾಗಿದೆ ಎಂಬುದು ಅವನ ತಲೆಗೆ ಹೊಳೆದೇ ಇರಲಿಲ್ಲ.

ಸರ್ವರಿನ ಮುಚ್ಚಳ ಬಿಚ್ಚಿದರೆ, ಫ್ಯಾನಿನ ರೆಕ್ಕೆಗಳಿಗೆಲ್ಲ ಆ ಪುಡಿ ಅಂಟಿ, ಏಸಿಯ ತೇವಕ್ಕೆ ಸಗಣಿಯ ಹಾಗೆ ಗಟ್ಟಿಯಾಗಿತ್ತು. ಗಾಳಿ ಆಡದೆ ಮಷೀನು ಕಾದು ತಾನಾಗಿ ನಿಂತಿದೆ. ಆಫೀಸಿನವರು ಮತ್ತೆ ಚಾಲೂ ಮಾಡಿದ್ದಾರೆ. ಮತ್ತೆ ನಿಂತಿದೆ, ಮತ್ತೆ ಚಾಲೂ ಮಾಡಿದ್ದಾರೆ.

ಒಳಗೆ ಕೆಟ್ಟದ್ದೇನು ಎಂದು ಮಂದಾಕಿನಿ ನನಗೆ ಬಿಡಿಸಿ ಹೇಳಿದ್ದು ಹೀಗೆ. ಹತ್ತಾರು ಡಿಸ್ಕುಗಳನ್ನು ಕೂಡಿಸಿ ಲಿನಕ್ಸಿನಲ್ಲಿ ಒಂದೇ ದೊಡ್ಡ ಪೂಲ್ ಮಾಡಿರುತ್ತಾರೆ. ತೆಲುಗು ವಿಭಾಗಕ್ಕೆ ಇಷ್ಟು, ಹಿಂದಿಗೆ ಇಷ್ಟು, ಕನ್ನಡಕ್ಕೆ ಇಷ್ಟು ಎಂದು ಅದರಿಂದ ಪಾಲು ಕೊಡುತ್ತಾರೆ. ಕೊಟ್ಟ ಪಾಲು ಬರಿ ಲೆಕ್ಕಕ್ಕೆ ಮಾತ್ರ. ರೆಕಾರ್ಡಿಂಗು ಬಂದಂತೆಲ್ಲ ಪೂಲಿನಲ್ಲಿ ಎಲ್ಲಿ ಖಾಲಿ ಇದೆಯೋ ಅಲ್ಲಿ ತುಣುಕು ತುಣುಕಾಗಿ ಕೂಡುತ್ತದೆ. ಯಾರ ತುಣುಕು ಎಲ್ಲಿದೆ ಎಂಬ ನಕಾಶೆ ಮಾತ್ರ ಪಕ್ಕದ ಒಂದು ಚಿಕ್ಕ ಜಾಗದಲ್ಲಿರುತ್ತದೆ. ಆ ಜಾಗ ತುಂಬುತ್ತ ಬಂದಿದೆ ಎಂದು ಸರ್ವರು ತಿಂಗಳಿಂದ ಎಚ್ಚರಿಕೆ ಕೊಡುತ್ತಿತ್ತು. ಯಾರೂ ನೋಡಿರಲಿಲ್ಲ. ಅದು ಪೂರ್ತಿ ತುಂಬಿದ ಹೊತ್ತಿಗೇ ಮಷೀನು ಕಾದು ನಿಂತು, ನಕಾಶೆ ಅರ್ಧ ಬರೆದಲ್ಲಿಗೇ ಒಡೆದಿದೆ. ರೆಕಾರ್ಡಿಂಗುಗಳು ಡಿಸ್ಕಿನಲ್ಲಿಯೇ ಇವೆ. ಯಾವುದು ಎಲ್ಲಿ ಎಂದು ಹೇಳುವುದಕ್ಕೆ ಏನೂ ಇಲ್ಲ. ಸಾಲದ್ದಕ್ಕೆ ಆಫೀಸಿನ ಒಬ್ಬ ಇಂಟರ್ನೆಟ್ಟಿನಲ್ಲಿ ಕಂಡ ಯಾವುದೋ ರಿಪೇರಿ ಕಮಾಂಡನ್ನು ಮೂಲ ಡಿಸ್ಕುಗಳ ಮೇಲೆಯೇ ಓಡಿಸಿಬಿಟ್ಟಿದ್ದ.

"ಹುಣ್ಣಿನ್ಯಾಗ ಹೊಲಸ ಕೈ ಹಾಕಿದಂಗ ನೋಡ್ರಿ ವೈನಿ" ಎಂದಳು ಮಂದಾಕಿನಿ. ಅತ್ತಿಗೆಯನ್ನು ಕರೆದಂತೆ ಅವಳು ನನ್ನನ್ನು ವೈನಿ ಎಂದೇ ಕರೆಯುವುದು.

ಮೊದಲು ಪೆಟ್ಟಿಗೆಗಳನ್ನೆಲ್ಲ ಹೊರಗೆ ಹಾಕಿಸಿದಳು. ನೆಲ ಒರೆಸಿಸಿದಳು. ಡಿಸ್ಕುಗಳನ್ನು ಒಂದೊಂದಾಗಿ ಬಿಚ್ಚಿ, ಒಂದಕ್ಷರವೂ ಬಿಡದೆ ಹೊಸ ಡಿಸ್ಕುಗಳಿಗೆ ನಕಲು ತೆಗೆದಳು. ಹಳೆಯವನ್ನು ಮ್ಯಾನೇಜರನ ಕಪಾಟಿನಲ್ಲಿ ಇಡಿಸಿ, ಮುಂದಿನ ಕೆಲಸವನ್ನೆಲ್ಲ ನಕಲಿನ ಮೇಲೆಯೇ ಮಾಡಿದಳು. ಒಡೆದ ನಕಾಶೆಯನ್ನು ಪೂಲಿನಿಂದ ಬೇರ್ಪಡಿಸಿ, ಅದರಲ್ಲಿ ಓದಲು ಬಂದಷ್ಟನ್ನು ಓದಿಸಿ, ಮೊದಲಿಗಿಂತ ದೊಡ್ಡದಾದ ಬೇರೊಂದು ಜಾಗದಲ್ಲಿ ಹೊಸದಾಗಿ ಬರೆಸಿದಳು. ಎರಡು ಸಲ ಅದು ಅರ್ಧಕ್ಕೇ ಕೈಕೊಟ್ಟಿತು. ಮೂರನೆಯ ಸಲ ಪೂಲ್ ಎದ್ದು ನಿಂತಿತು. ಮ್ಯಾನೇಜರು ಹಿಂದೆ ನಿಂತು ಪಾನ್ ಮಸಾಲಾ ಅಗಿಯುತ್ತ, "ಸಬ್ ಮಿಲ್ ಜಾತಾ ನಾ ಮೇಡಂ?" ಎಂದು, ಎಲ್ಲ ಸಿಗುತ್ತದಲ್ಲ ಎಂದು, ತಾಸಿಗೊಮ್ಮೆ ಕೇಳುತ್ತಿದ್ದ. ಅವನ ಉಸಿರು ಹೆಗಲಿಗೆ ತಾಗಿದಾಗೆಲ್ಲ ಇವಳು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಳ್ಳುತ್ತಿದ್ದಳು.

ಮಾತುಗಳು ಸಿಕ್ಕವು, ಹೆಸರು ಸಿಗಲಿಲ್ಲ. ಯಾವ ನಂಬರಿನ ಕರೆ, ಯಾರು ಮಾತಾಡಿದ್ದು ಎಂಬುದು ಫೈಲಿನ ಹೆಸರಿನಲ್ಲಿಯೇ ಇರುತ್ತಿತ್ತಂತೆ. ಈಗ ಸಾವಿರಾರು ಫೈಲುಗಳು ಬರಿ ಅಂಕಿ ಹೊತ್ತು ಒಂದೇ ಫೋಲ್ಡರಿನಲ್ಲಿ ಬಿದ್ದಿದ್ದವು. ಯಾವ ಭಾಷೆಯದು, ದನಿ ಪೂರ್ತಿ ಬಂದಿದೆಯೋ ಇಲ್ಲವೋ ಎಂದು ಅಲ್ಲಲ್ಲಿ ಒಂದೊಂದನ್ನು ಕೇಳಿಯೇ ನೋಡಬೇಕು. ತೆಲುಗು ಹಿಂದಿಗೆ ಆಫೀಸಿನವರು ಕೂತರು. ಫೋನಿನಲ್ಲಿ ಮಾತಾಡುವ ಹುಡುಗರು ಕೂಡುತ್ತಿದ್ದದ್ದು ಬೇರೆ ಕಟ್ಟಡದಲ್ಲಿ, ಹಾಗಾಗಿ ಕನ್ನಡದವನ್ನು ಮಂದಾಕಿನಿಯೇ ಕೇಳತೊಡಗಿದಳು.

ಹಳೆಯ ಮಾತು ನಿಮಗೆ ಇಷ್ಟೊಂದು ಯಾಕೆ ಬೇಕು ಎಂದು ಆಕೆ ಮ್ಯಾನೇಜರನನ್ನು ಕೇಳಿದಳು. ಅವನು ಮುಚ್ಚುಮರೆ ಇಲ್ಲದೆ ಹೇಳಿದ. ಒಮ್ಮೆ ಪುಡಿ ತರಿಸಿದವರಿಗೆ ಮತ್ತೆ ಫೋನು ಮಾಡುವ ಮೊದಲು ಹುಡುಗರು ಹಿಂದಿನ ಮಾತು ಕೇಳಿಕೊಳ್ಳುತ್ತಾರೆ. ಹೆಂಡತಿಯ ಹೆಸರೇನು, ಮಗಳನ್ನು ಎಲ್ಲಿಗೆ ಕೊಟ್ಟಿದ್ದಾರೆ, ಎಲ್ಲಿ ನೋವು. ಅದನ್ನು ನೆನಪಿಟ್ಟು ಕೇಳಿದರೆ ಗಿರಾಕಿ ಕರಗಿಬಿಡುತ್ತಾನೆ. ಈ ಮಾತು ಹೇಳುವಾಗ ಅವನ ಮುಖದಲ್ಲಿ ಹೆಮ್ಮೆಯಿತ್ತು.

ಹೆಡ್‌ಫೋನ್ ಹಾಕಿಕೊಂಡು ಮಂದಾಕಿನಿ ಇನ್ನೊಂದು ಫೈಲು ತೆರೆದಳು.

"ನಮಸ್ಕಾರ್ರಿ ಡಾಕ್ಟ್ರ. ನಾ ಮಾನ್ವಿಯಿಂದ, ಟೇಲರ್ ಸಿದ್ದರಾಮಪ್ಪ."

"ಹ್ಞಾಂ, ಹೇಳ್ರಿ ಸಿದ್ದರಾಮಪ್ಪನವರ. ಮಷಿನ್ ತುಳಿಯಾಕತ್ತೀರಿಲ್ಲೊ? ಮನ್ಯಾಗ ಶರಣಮ್ಮನವರು ಆರಾಮ ಅದಾರ?"

"ಅದಾಳ್ರಿ. ನಂದ ಕಾಲಾಗಿನ ಹುಣ್ಣು ಮಾಯವಲ್ದುರಿ. ವಾಸನಿ ಬರಾಕತ್ತೈತಿ. ಸಕ್ಕರಿ ಸೂಜಿ ಮತ್ತ ತಗೊಳ್ಳೇನ್ರಿ?"

"ಸೂಜಿ ಬ್ಯಾಡ್ರಿ. ಇಷ್ಟ ವರ್ಷ ಸೂಜಿ ತಗೊಂಡು ಮೈಯಾಗ ಕುಂತಿದ್ದ ವಿಷ ಈಗ ಹೊರಗ ಬರಾಕತ್ತೈತಿ. ವಾಸನಿ ಬರೋದು ಚಲೋ ಲಕ್ಷಣ ಐತ್ರಿ. ಪುಡಿ ಎರಡ ಹೊತ್ತಿನ ಬದ್ಲಿ ಮೂರ ಹೊತ್ತು ತಗೋರಿ."

"ಆತ್ರಿ. ನೀವು ಹೇಳಿದ್ರ ಆತ್ರಿ."

ಮಂದಾಕಿನಿ ಅದನ್ನು ಮೊದಲಿನಿಂದ ಮತ್ತೊಮ್ಮೆ ಕೇಳಿದಳು. ಆ "ಹ್ಞಾಂ" ಅವಳಿಗೆ ಗೊತ್ತು. ಫೋನು ಎತ್ತಿದಾಗ ಅವಳ ಅಪ್ಪ ಹಾಗೆ ಎಳೆದು ಹೇಳುತ್ತಿದ್ದರು. ಅಪ್ಪನ ಹಾಗೆ ಹೇಳಲು ಬರುತ್ತಿದ್ದದ್ದು ಒಬ್ಬನಿಗೇ. ಮನೆಯಲ್ಲಿ "ಅದ", "ಬರ್ಲಿಕ್ಕತ್ತದ" ಎನ್ನುವ ನಿಶಾಂತ ಇಲ್ಲಿ ಆ ಟೇಲರನ ಮಾತಿಗೆ ತನ್ನ ಮಾತು ಕೂಡಿಸಿ "ಐತಿ", "ಬರಾಕತ್ತೈತಿ" ಎನ್ನುತ್ತಿದ್ದ.

ಆಮೇಲೆ ಅವಳು ಕೆಲಸಕ್ಕಾಗಿ ಕೇಳಲಿಲ್ಲ, ಅವನಿಗಾಗಿಯೇ ಹುಡುಕಿ ಕೇಳಿದಳು. ಕರೆ ಮಾಡಿದವರ ಹೆಸರು ನೋಡಿಕೊಂಡು ಡಾಕ್ಟರರ ಅಡ್ಡಹೆಸರು ಬದಲಾಗುತ್ತಿತ್ತು. ಒಂದು ಕಡೆ ಡಾಕ್ಟರ್ ಹಿರೇಮಠ, ಒಂದು ಕಡೆ ಡಾಕ್ಟರ್ ಪಾಟೀಲ, ಇನ್ನೊಂದು ಕಡೆ ಡಾಕ್ಟರ್ ಜೋಶಿ. ದನಿ ಒಂದೇ. ಒಬ್ಬ ಮುದುಕಿ ಕಣ್ಣು ಮಂಜಾಗುತ್ತಿದೆ ಎಂದು ಅಳುತ್ತಿದ್ದಳು. ಡಾಕ್ಟರ್ ಜೋಶಿ ಆಕೆಗೆ ರಾಯರ ಮೇಲೆ ಭಾರ ಹಾಕಿ ಇನ್ನೊಂದು ಡಬ್ಬಿ ತರಿಸಿಕೊಳ್ಳಲು ಹೇಳಿದರು. ಮಂದಾಕಿನಿ ಹೆಡ್‌ಫೋನ್ ತೆಗೆದಿಟ್ಟು ಬಚ್ಚಲಿಗೆ ಹೋದಳು. ಕಿವಿಯನ್ನು ಸೋಪು ಹಚ್ಚಿ ತೊಳೆದುಕೊಂಡೆ ಎಂದಳು. ಹೇಳುವಾಗ ಅವಳಿಗೆ ನಗು ಬರಲಿಲ್ಲ, ನನಗೂ ಬರಲಿಲ್ಲ.

ತನ್ನ ಫರ್ಮಿನ ಸಾಹೇಬರಿಗೆ ಫೋನು ಮಾಡಿ ಇಂಥಿಂಥದು ಎಂದಳು. ನಮ್ಮದು ಡಿಸ್ಕಿನ ಕೆಲಸ, ಒಳಗೆ ಏನಿದೆ ಎಂಬುದು ನಮಗೆ ಸಂಬಂಧಿಸಿದ್ದಲ್ಲ, ಮುಗಿಸಿ ಬಾ ಎಂದರು ಅವರು. ಅವಳು ಮುಗಿಸಿಯೇ ಬಂದಳು. ಎಲ್ಲ ಅಳಿಸಿಬಿಡಬಹುದಿತ್ತಲ್ಲ ಎಂದು ನಾನು ಕೇಳಿದೆ.

"ಮೂಲ ಡಿಸ್ಕು ಅವರ ಕಪಾಟಿನ್ಯಾಗನ ಇದ್ವಲ್ರಿ ವೈನಿ. ನಾ ಅಳಿಸಿದ್ರ ಇನ್ನೊಬ್ಬ ಬಂದು ತೆಗೀತಿದ್ದ" ಎಂದಳು. ಆಮೇಲೆ, "ಹಂಗಂತ ಆವಾಗ ನನಗ ನಾನ ಹೇಳಿಕೊಂಡೆ" ಎಂದಳು.

ಪುಡಿ ಕಳಿಸಲಿಕ್ಕೆಂದು ಸಿದ್ದರಾಮಪ್ಪ ಆ ಕರೆಯ ಕೊನೆಯಲ್ಲಿ ತನ್ನ ಮೊಬೈಲ್ ನಂಬರು ಹೇಳಿದ್ದ. ಮರುದಿನ ಮಂದಾಕಿನಿ ಅವನಿಗೆ ಫೋನು ಮಾಡಿದಳು. ತಾನು ಹೈದರಾಬಾದಿನವಳು, ನೀವು ಮಾತಾಡುತ್ತಿರುವ ಮನುಷ್ಯ ಡಾಕ್ಟರನೇ ಅಲ್ಲ, ಪುಡಿ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗಿ ಎಂದಳು.

"ನೀವು ಯಾರ್ರೀ?" ಎಂದ ಸಿದ್ದರಾಮಪ್ಪ.

ಯಾರು ಎಂದು ಹೇಳುವುದು? "ಆ ಕಂಪನಿಯ ಕಂಪ್ಯೂಟರ್ ರಿಪೇರಿ ಮಾಡಿದಾಕಿ" ಎಂದಳು.

"ಕಂಪ್ಯೂಟರ್ ರಿಪೇರಿ ಮಾಡಾಕಿ ಡಾಕ್ಟ್ರ ಮ್ಯಾಲೆ ಚಾಡಿ ಹೇಳ್ತೀಯೇನವಾ? ಅವರು ವಾರಕ್ಕೊಮ್ಮೆ ಫೋನ್ ಮಾಡಿ ನನ್ನ ಹೆಂಡ್ತಿ ಹೆಸರು ಹಿಡಿದು ಕೇಳ್ತಾರ. ಇಲ್ಲಿ ಸರಕಾರಿ ದವಾಖಾನ್ಯಾಗ ನನ್ನ ಮಾರಿ ಎತ್ತಿ ನೋಡಂಗಿಲ್ಲ" ಎಂದು ಫೋನಿಟ್ಟ. ಅವಳು ಮತ್ತೆ ಮಾಡಿದರೆ ಎತ್ತಲಿಲ್ಲ.

ಭಾನುವಾರ ಮಧ್ಯಾಹ್ನ ಮಂದಾಕಿನಿ ಬಾಲಾನಗರಕ್ಕೆ ಹೋದಳು. ನಿಶಾಂತ ಊಟಕ್ಕೆ ಕೂತಿದ್ದ. ಕೃಷ್ಣಾಬಾಯಿ ಬಿಸಿ ರೊಟ್ಟಿ ಬಡಿಸುತ್ತಿದ್ದರು.

"ಡಾಕ್ಟರ್ ಹಿರೇಮಠ ಅಂದ್ರ ಯಾರು, ನಿಶಾಂತ?"

ಅವನು ತಲೆ ಎತ್ತಿ ಅಕ್ಕನನ್ನು ನೋಡಿದ. ಸುಳ್ಳು ಹೇಳಲಿಲ್ಲ. "ನಮ್ಮ ಆಫೀಸಿಗೆ ಡಿಸ್ಕ್ ರಿಪೇರಿಗೆ ಬಂದಾಕಿ ನೀನ ಏನು?" ಎಂದ.

"ಕಾಲು ಕೊಳೆತು ವಾಸನಿ ಬರ್ಲಿಕ್ಕತ್ತದ ಅಂತ ಹೇಳಿದಾವಗ ಚಲೋ ಲಕ್ಷಣ ಅಂದಿ."

"ಅಕ್ಕಾ, ಅದು ಸ್ಕ್ರಿಪ್ಟ್. ಅವರು ಬರದು ಕೊಡ್ತಾರ, ನಾ ಓದ್ತೀನಿ. ನಾ ಓದಲಿಲ್ಲಂದ್ರ ಬಾಜು ಕೂತಾವ ಓದ್ತಾನ."

ಇದೇ ಮಾತನ್ನು ತಾನೂ ಹಿಂದಿನ ದಿನಗಳಲ್ಲಿ ಹೇಳಿಕೊಂಡದ್ದು ಮಂದಾಕಿನಿಗೆ ನೆನಪಾಯಿತು. ತಮ್ಮನ ಬಾಯಲ್ಲಿ ಕೇಳಿದಾಗ ತನ್ನ ಬಾಯಿಯೇ ಹೊಲಸಾದಂತೆ ಅನಿಸಿತು. ಎದ್ದು ಹೋಗಿ ಫ್ರಿಜ್ಜಿನ ಬಾಗಿಲು ತೆಗೆದಳು. ಅಲ್ಲಿ ಕೃಷ್ಣಾಬಾಯಿಯ ಇನ್ಸುಲಿನ್ ಇತ್ತು.

"ಅಮ್ಮಗ ಇದನ್ನ ಯಾರು ತರ್ತಾರ?"

"ನಾನ ತರ್ತೀನಿ."

"ಪುಡಿ ಯಾಕ ಕೊಡಂಗಿಲ್ಲ? ನಿಮ್ಮ ಆಫೀಸಿನ್ಯಾಗ ಮಾಡಿಗೆ ಮುಟ್ಟೂಹಂಗ ಬಿದ್ದದಲ್ಲ."

ನಿಶಾಂತ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಯಾವ ಪುಡಿನೋ?" ಎಂದರು ಕೃಷ್ಣಾಬಾಯಿ.

ಸಿದ್ದರಾಮಪ್ಪ ನನ್ನ ಮಾತು ನಂಬಲಿಲ್ಲ, ಈಗಲೇ ನೀನೇ ಫೋನು ಮಾಡಿ ನಾನು ಡಾಕ್ಟರಲ್ಲ ಎಂದು ಹೇಳು ಎಂದಳು ಮಂದಾಕಿನಿ. ಅವನು ಎಡಗೈಯಲ್ಲಿ ಮೊಬೈಲ್ ಎತ್ತಿಕೊಂಡ. "ಫೋನ್ ಮಾಡ್ತೀನಿ. ಆದ್ರ ಹಂಗಂದ್ರ ಅಂವ ನಂಬಂಗಿಲ್ಲ, ಅಕ್ಕಾ. ನಿನ್ನ ಮಾತು ನಂಬಿದನೇನು?" ಅವಳು ನಂಬರು ಓದಿ ಹೇಳಿದಳು. ಅವನು ಸ್ಪೀಕರ್ ಹಾಕಿ ನಂಬರು ಒತ್ತಿದ. ಗಂಟಲು ಸರಿಮಾಡಿಕೊಂಡ. ಅವನ ಬೆನ್ನು ತಾನಾಗಿ ನೆಟ್ಟಗಾಯಿತು.

"ಹ್ಞಾಂ, ಸಿದ್ದರಾಮಪ್ಪನವರ, ನಾ ಡಾಕ್ಟರ್ ಹಿರೇಮಠ. ಇದು ನನ್ನ ಸ್ವಂತ ಫೋನ್ ಐತಿ. ನಿಮ್ಮ ಕಾಲಿಂದ ಚಿಂತಿ ಹತ್ತಿ ಭಾನುವಾರಾದ್ರೂ ಮಾಡೀನಿ."

"ಅಯ್ಯ, ನಿಮಗ್ಯಾಕ ತ್ರಾಸ್ರಿ ಡಾಕ್ಟ್ರ" ಎಂದ ಸಿದ್ದರಾಮಪ್ಪ.

"ಕೇಳ್ರಿ. ವಿಷ ಪೂರಾ ಹೊರಗ ಬಂದೈತಿ. ಇನ್ನ ಪುಡಿ ಬಂದ್ ಮಾಡ್ರಿ. ಒಂದ ಚಮಚ ಸೈತ ತಗೋಬ್ಯಾಡ್ರಿ. ಇವತ್ತ ಬಸ್ ಹಿಡಿದು ರಾಯಚೂರಿಗೆ ಹೋಗ್ರಿ. ದೊಡ್ಡ ಆಸ್ಪತ್ರ್ಯಾಗ ಕಾಲು ತೋರಸ್ರಿ, ಅವರು ಸೂಜಿ ಕೊಟ್ರ ತಗೋರಿ. ನಾಳಿ ಅನ್ನಬ್ಯಾಡ್ರಿ. ಶರಣಮ್ಮನವರ ಕೈಯಾಗ ಫೋನ್ ಕೊಡ್ರಿ, ಅವರಿಗೂ ಹೇಳ್ತೀನಿ."

ಶರಣಮ್ಮನಿಗೂ ಹೇಳಿದ. ಆಕೆಯ ಮೊಣಕಾಲು ನೋವು ಹೇಗಿದೆ ಎಂದೂ ಕೇಳಿದ. ಒಂದು ಮಾತೂ ತಡವರಿಸಲಿಲ್ಲ. ಆ ದನಿಯಲ್ಲಿ ಎಂಥ ಕಾಳಜಿ ಇತ್ತೆಂದರೆ, ಎದುರಿಗೆ ಕೂತಿರದಿದ್ದರೆ ತಾನೂ ನಂಬುತ್ತಿದ್ದೆ ಎಂದಳು ಮಂದಾಕಿನಿ. ಆ ಸುಳ್ಳನ್ನು ಅವನು ಅನುಭವಿಸಿ ಹೇಳುತ್ತಿದ್ದ. ಅವನ ಕಣ್ಣಿನಲ್ಲಿ, ಸಣ್ಣವನಿದ್ದಾಗ ಅನುಕರಣೆ ಮಾಡಿ ಎಲ್ಲರನ್ನೂ ನಗಿಸಿದ ಮೇಲೆ ಬರುತ್ತಿದ್ದ ಹೊಳಪೇ ಇತ್ತು.

ಫೋನಿಟ್ಟು, "ಆತಲ್ಲ?" ಎಂದು ಮತ್ತೆ ಪಲ್ಯಕ್ಕೆ ಕೈ ಹಾಕಿದ.

"ಉಳಿದವರಿಗೆ?"

"ಅಕ್ಕಾ, ಎಷ್ಟು ಮಂದಿಗೆ ಅಂತ ಮಾಡ್ಲಿ?"

ಕೃಷ್ಣಾಬಾಯಿ ಅಷ್ಟು ಹೊತ್ತಿಗೆ ಎಲ್ಲ ತಿಳಿದುಕೊಂಡಿದ್ದರು. ಲಟ್ಟಣಿಗೆ ಹಿಡಿದು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದವರು ಮಗನಿಗೆ ಏನಾದರೂ ಹೇಳಿಯಾರು ಎಂದು ಮಂದಾಕಿನಿ ಕಾದಳು.

"ಫೋನ್ ಮಾಡಿದ್ನಲ್ಲವಾ. ಇನ್ನ ಬಿಡು. ಬಾ, ನೀನೂ ಊಟಕ್ಕ ಕೂಡು" ಎಂದರು ಅವರು. ಮಗನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದರು.

ಆ ಮನೆಯ ಎಣ್ಣೆ, ಹಿಟ್ಟು, ಬೇಳೆ ಎಲ್ಲವೂ ಆ ದನಿಯಿಂದಲೇ ಬರುತ್ತಿದೆ ಎಂದು ಮಂದಾಕಿನಿಗೆ ಆಗ ಹೊಳೆಯಿತು. ನೀರು ಕೂಡ ಕುಡಿಯದೆ ಎದ್ದು ಬಂದಳು. ಸ್ಕೂಟರಿನ ಮೇಲೆ ಮಿಯಾಪುರಕ್ಕೆ ಬರುವಷ್ಟರಲ್ಲಿ ಎರಡು ಸಲ ನಿಲ್ಲಿಸಿ, ಮೆಟ್ರೊ ಕಂಬದ ಬದಿಗೆ ವಾಂತಿ ಮಾಡಿಕೊಂಡಳು. ನಾನು ಕೆಳಗೆ ತರಕಾರಿ ತೆಗೆದುಕೊಳ್ಳುತ್ತಿದ್ದೆ. ಅವಳ ಮುಖ ನೋಡಿ ಒಳಗೆ ಕರೆದುಕೊಂಡು ಹೋದೆ. ಇದನ್ನೆಲ್ಲ ನಾನು ಕೇಳಿದ್ದು ಅವತ್ತೇ.

ಔಷಧ ನಿಯಂತ್ರಣದ ಕಚೇರಿಗೆ ಅವಳು ದೂರು ಬರೆದುಕೊಟ್ಟಳು. ಅವಳ ಗಂಡ ಪ್ರಾಣೇಶ ಜೊತೆಗೆ ಹೋಗಿದ್ದ. ತಮ್ಮನ ಹೆಸರನ್ನೂ ಬರೆಯಬೇಕೇ ಎಂದು ಅವನು ಕೇಳಿದಾಗ, ತಮ್ಮನೊಬ್ಬನನ್ನೇ ಬಿಟ್ಟರೆ ಈ ಕಾಗದವೂ ಆ ಪುಡಿಯ ಜಾತಿಯದೇ ಆದೀತು ಎಂದು ಹೇಳಿ ಬರೆದಳಂತೆ. ತಪಾಸಣೆಯವರು ಹೋಗುವಷ್ಟರಲ್ಲಿ ಕಂಪನಿ ಬೋರ್ಡು ಇಳಿಸಿ ಬೇರೆ ಗಲ್ಲಿಯಲ್ಲಿ ಬೇರೆ ಹೆಸರಿನಿಂದ ಕೂತಿತ್ತು. ಅಲ್ಲಿಗೂ ಸರ್ವರು ಜೋಡಿಸಿಕೊಡಿ ಎಂದು ಅದೇ ಮ್ಯಾನೇಜರು ಇವಳ ಫರ್ಮಿಗೆ ಫೋನು ಮಾಡಿದ. ಇವಳು ಹೋಗುವುದಿಲ್ಲ ಎಂದಳು. ಸಾಹೇಬರು ಬೇರೊಬ್ಬನನ್ನು ಕಳಿಸಿದರು. ಆ ತಿಂಗಳೇ ಅವಳು ಅಲ್ಲಿಯ ಕೆಲಸ ಬಿಟ್ಟಳು. ಈಗ ಒಂದು ಕಾಲೇಜಿನ ಕಂಪ್ಯೂಟರ್ ವಿಭಾಗದಲ್ಲಿದ್ದಾಳೆ. ಸಂಬಳ ಕಡಿಮೆ. ಹುಡುಗರು ಲ್ಯಾಬಿನಲ್ಲಿ ಕೂತು ಸಮೋಸಾ ತಿಂದು ಕೀಬೋರ್ಡಿಗೆ ಎಣ್ಣೆ ಹಚ್ಚುತ್ತಾರೆ ಎಂದು ಬಯ್ಯುತ್ತಿರುತ್ತಾಳೆ.

ನಿಶಾಂತನಿಗೆ ಏನೂ ಆಗಲಿಲ್ಲ. ಹೊಸ ಕಂಪನಿಯಲ್ಲಿ ಅವನು ಹೊಸಬರಿಗೆ ಮಾತಾಡಲು ಕಲಿಸುತ್ತಾನಂತೆ. ಮಂದಾಕಿನಿ ತಾಯಿಯನ್ನು ನೋಡಲು ಹೋಗುತ್ತಾಳೆ. ಹೋಗುವಾಗ ತನ್ನ ಡಬ್ಬಿ, ತನ್ನ ನೀರು ಕಟ್ಟಿಕೊಂಡು ಹೋಗುತ್ತಾಳೆ. ಕೃಷ್ಣಾಬಾಯಿ ಅದನ್ನು ಮಗಳ ಸೊಕ್ಕು ಎನ್ನುತ್ತಾರೆ.

ಸಿದ್ದರಾಮಪ್ಪ ಆ ಭಾನುವಾರವೇ ರಾಯಚೂರಿಗೆ ಹೋಗಿದ್ದ. ಎರಡು ಬೆರಳು ತೆಗೆದರು, ಕಾಲು ಉಳಿಯಿತು. ಇದು ಮಂದಾಕಿನಿಗೆ ತಿಳಿದದ್ದು ಮಳೆಗಾಲ ಕಳೆದ ಮೇಲೆ, ಅವನೇ ಅವಳ ನಂಬರಿಗೆ ಫೋನು ಮಾಡಿದಾಗ. ಅವತ್ತು ಬಾಯಿಗೆ ಬಂದಂತೆ ಅಂದದ್ದಕ್ಕೆ ತಪ್ಪಾಯಿತು ಎಂದ. ಆಮೇಲೆ, "ನೀವು ಆ ಕಂಪನಿ ಕಂಪ್ಯೂಟರ್ ಮಾಡ್ತಿದ್ರಲ್ಲಮ್ಮ. ಡಾಕ್ಟ್ರ ಫೋನು ಹತ್ತವಲ್ದು. ನಮ್ಮ ಓಣ್ಯಾಗ ಇನ್ನೊಬ್ಬರಿಗೆ ಸಕ್ಕರಿ ಕಾಯಿಲೆ ಐತ್ರಿ. ಅವರ ನಂಬರ್ ಇದ್ರ ಕೊಡ್ರಿ. ನನ್ನ ಕಾಲು ಉಳಿಸಿದವರ ಅವರು" ಎಂದ.

"ಆ ಡಾಕ್ಟರು ಇಲ್ಲರಿ" ಎಂದಳು ಮಂದಾಕಿನಿ.

ಆ ಕಡೆ ಹೊಲಿಗೆ ಮಷಿನ್ನಿನ ಸದ್ದು ನಿಂತಿತು.

"ತೀರಿಕೊಂಡ್ರ್ಯಾ?" ಎಂದ ಸಿದ್ದರಾಮಪ್ಪ. "ಯಾವಾಗ್ರಿ? ಇನ್ನೂ ಸಣ್ಣ ವಯಸ್ಸಿನ ದನಿ ಇತ್ತಲ್ರಿ."

ಅಲ್ಲ, ನಾನು ಹೇಳಿದ್ದು ಹಾಗಲ್ಲ ಎಂದು ಮಂದಾಕಿನಿ ಬಾಯಿ ತೆರೆದಳು. ಆ ಕಡೆ ಅವನು ಹೆಂಡತಿಯನ್ನು ಕರೆದು, ನಮ್ಮ ಡಾಕ್ಟ್ರು ಹೋದ್ರಂತ ಎಂದು ಹೇಳುತ್ತಿದ್ದ. ಶರಣಮ್ಮ ಅಳುವುದು ಕೇಳಿಸಿತು.

"ಓಣ್ಯಾಗಿನವರನ್ನ ದವಾಖಾನಿಗೆ ಕರಕೊಂಡು ಹೋಗ್ರಿ. ಯಾರ ಹತ್ರನೂ ಪುಡಿ ತಗೋಬ್ಯಾಡ್ರಿ" ಎಂದಷ್ಟೇ ಹೇಳಿದಳು ಮಂದಾಕಿನಿ.

"ಆತ್ರಿ" ಎಂದ ಸಿದ್ದರಾಮಪ್ಪ. "ಅವರೂ ಅದನ್ನ ಹೇಳಿದ್ರು."